ಮೊಳೆಯದ ಬೀಜದ ಗಿಡಗಳು ನಮ್ಮ ತಾರಸಿಯಲ್ಲಿವೆ

ಮೈಸೂರು, ಅಕ್ಟೋಬರ್ ೨೦೦೬

ನಡುಗಡ್ಡೆ ಹಸಿರೀಕರಣ ಯೋಜನೆಯ ವಿಶೇಷಾಧಿಕಾರಿಗಳಿಗೆ

ಮಾನ್ಯರೇ,

ಯಾವ ಮರದ ಬೀಜ ಮೊಳೆಯಲಾರದು ಎಂದು ತಾವು ಸರ್ಕಾರಕ್ಕೆ ವರದಿ ಕೊಟ್ಟಿರೋ ಅದೇ ಮರದ ಗಿಡಗಳನ್ನು ನಾನು ಅಕ್ರಮವಾಗಿ ಬೆಳೆಸಿಕೊಂಡಿದ್ದೇನೆಂದೂ, ಅವನ್ನು ಕೂಡಲೇ ತಮ್ಮ ನರ್ಸರಿಗೆ ತಂದೊಪ್ಪಿಸಬೇಕೆಂದೂ ತಮ್ಮ ಕಚೇರಿಯಿಂದ ನನಗೆ ನೋಟೀಸು ಬಂದಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಮೊದಲ ಪುಟದಲ್ಲಿ ಒಂದು, ಎರಡನೆಯ ಪುಟದಲ್ಲಿ ಅದಕ್ಕೆ ತದ್ವಿರುದ್ಧ ಬರೆದಿಟ್ಟ ಉತ್ತರಪತ್ರಿಕೆಗಳನ್ನು ಬೇಕಾದಷ್ಟು ತಿದ್ದಿದ್ದೇನೆ. ಆದರೆ ಆ ಮಕ್ಕಳು ಕೊನೆಯಲ್ಲಿ ಮೊಹರು ಒತ್ತಿ ರುಜು ಹಾಕುತ್ತಿರಲಿಲ್ಲ. ಹೊಳೆನೇರಳೆ ಎಂಬ ಆ ಮರದ ಬೀಜ ಮೊಳೆಯುವುದಿಲ್ಲ ಎಂಬುದು ನಿಜವಾದರೆ ನನ್ನ ತಾರಸಿಯಲ್ಲಿರುವುದು ಹೊಳೆನೇರಳೆಯಲ್ಲ. ಅದರ ಮೇಲೆ ತಮಗೆ ಯಾವ ಹಕ್ಕೂ ಇಲ್ಲ. ಇರುವುದು ಹೊಳೆನೇರಳೆಯೇ ಆದರೆ ತಮ್ಮ ವರದಿ ಸುಳ್ಳು. ಎರಡರಲ್ಲಿ ಯಾವುದು ಬೇಕೋ ಆರಿಸಿಕೊಳ್ಳಿ. ಎರಡೂ ಬೇಕು ಎಂದರೆ ಅದಕ್ಕೆ ಸರ್ಕಾರಿ ಭಾಷೆಯಲ್ಲಿ ಏನನ್ನುತ್ತಾರೋ ತಿಳಿಯದು, ನಮ್ಮ ಚಾಮರಾಜಪುರಂನಲ್ಲಿ ನಾಚಿಕೆಗೇಡು ಅನ್ನುತ್ತಾರೆ.

ಇದನ್ನೆಲ್ಲ ತಮ್ಮ ಮುಂದೆಯೇ ಕೂತು ಹೇಳಬೇಕೆಂದು ನೋಟೀಸು ಬಂದ ಮೇಲೆ ಹಲವು ಸಲ ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು. ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ ಅಂದರು. ಫೀಲ್ಡಿನಲ್ಲಿ ವಿಚಾರಿಸಿದರೆ ಮೀಟಿಂಗಿನಲ್ಲಿದ್ದಾರೆ ಅಂದರು. ಹಾಗಾಗಿ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಾವು ಎಲ್ಲಿದ್ದರೂ ಬೆಳಗಿನ ಕಾಫಿಯ ಜೊತೆ ಪೇಪರಂತೂ ನೋಡುತ್ತೀರಿ.

ಓದುವ ಉಳಿದವರಿಗಾಗಿ ನಡೆದದ್ದನ್ನು ಹೇಳಿಬಿಡುತ್ತೇನೆ. ಶ್ರೀರಂಗಪಟ್ಟಣ ದಾಟಿ ಹೊಳೆಯ ಜೊತೆ ಕೆಳಕ್ಕೆ ಹೋದರೆ ಕಾವೇರಿಯ ನಡುವೆ ಜಂಗಮತಿಟ್ಟು ಎಂಬ ಸಣ್ಣ ನಡುಗಡ್ಡೆ ಸಿಗುತ್ತದೆ. ಹಿಂದೆ ಯಾರೋ ಒಬ್ಬ ಜಂಗಮರು ಅಲ್ಲಿದ್ದು ಅಲ್ಲೇ ಐಕ್ಯರಾದರಂತೆ. ಅವರ ಗದ್ದುಗೆ ಇದೆ, ಗದ್ದುಗೆಯ ಪೂಜೆ ನಮ್ಮ ಯಜಮಾನರ ಮನೆತನದ್ದು. ಗದ್ದುಗೆಯ ಸುತ್ತ ಹೊಳೆನೇರಳೆ ಮರಗಳು. ಪೇಟೆಯಲ್ಲಿ ಮಾರುವ ನೇರಳೆಗಿಂತ ಹಣ್ಣು ಚಿಕ್ಕದು, ಎಲೆ ಕಿರಿದು, ಬೇರಿಗೆ ಮಾತ್ರ ಹೊಳೆಯ ಸೆಳೆತವನ್ನು ತಡೆದು ನಿಲ್ಲುವ ಛಲ. ಜ್ಯೇಷ್ಠಮಾಸದಲ್ಲಿ ಆರಾಧನೆ, ಅದೇ ಹೊತ್ತಿಗೆ ಹಣ್ಣು. ಪೂಜೆ ಮುಗಿಸಿ ಎಲ್ಲರೂ ಹಣ್ಣು ತಿನ್ನುತ್ತಾರೆ. ತಿಂದ ಬೀಜವನ್ನು ಕೈಯಲ್ಲಿ ಹಿಡಿದು ಕೂರಬಾರದು; ಬಾಯಿಂದ ತೆಗೆದವರೇ ಗದ್ದುಗೆಯ ಹಿಂದಿನ ದಿಬ್ಬದ ಹಸಿಮಣ್ಣಿಗೆ ಹೆಬ್ಬೆರಳಲ್ಲಿ ಒತ್ತಿಬಿಡಬೇಕು. ಒಂದೇ ಒಂದು ಬೀಜವೂ ನೀರು ದಾಟಿ ಆಚೆ ದಡಕ್ಕೆ ಹೋಗಬಾರದು. ‘ತಿಟ್ಟಿನ ಹಣ್ಣು ತಿನ್ನು, ತಿಟ್ಟಿನ ಬೀಜ ದಾಟಿಸಬೇಡ’ ಎಂದು ನಮ್ಮ ಅತ್ತೆ ದಾಕ್ಷಾಯಣಮ್ಮನವರು ಮನೆಗೆ ಬಂದ ಸೊಸೆಯರಿಗೆಲ್ಲ ಹೇಳಿಕೊಟ್ಟಿದ್ದಾರೆ. ಒತ್ತಿದ ಬೀಜಗಳಲ್ಲಿ ಮುಕ್ಕಾಲು ಪಾಲು ಹೊಳೆಗೆ ಹೋಗುತ್ತವೆ. ಉಳಿದವು ಮರವಾಗುತ್ತವೆ. ಹೀಗೆ ಎಷ್ಟು ತಲೆಮಾರು ನಡೆಯಿತೋ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ನಡೆಯುತ್ತಿರುವುದನ್ನು ಯಾರೂ ಎಣಿಸುವುದಿಲ್ಲ.

ಆಮೇಲೆ ತಾವು ಬಂದಿರಿ.

ಎರಡು ವರ್ಷದ ಹಿಂದೆ ತಮ್ಮ ಯೋಜನೆಯ ಜೀಪು ದಡದಲ್ಲಿ ನಿಂತಾಗ ನಮಗೆ ಸಂತೋಷವೇ ಆಯಿತು ಎಂದು ಹೇಳಿದರೆ ತಮಗೆ ಆಶ್ಚರ್ಯವಾಗಬಹುದು. ನಡುಗಡ್ಡೆಗಳ ಸ್ಥಳೀಯ ಸಸ್ಯಗಳನ್ನು ಸಂರಕ್ಷಿಸಿ ಅಭಿವೃದ್ಧಿಪಡಿಸುವುದು ಯೋಜನೆಯ ಉದ್ದೇಶ ಅಂದಿರಿ. ಆರಾಧನೆಗೆ ಮುಂಚೆಯೇ ಬಲೆ ಕಟ್ಟಿಸಿ, ಕೊಂಬೆ ಅಲುಗಿಸಿ, ಆ ವರ್ಷದ ಹಣ್ಣನ್ನೆಲ್ಲ ಚೀಲ ತುಂಬಿಸಿಕೊಂಡು ಹೋದಿರಿ. ನಮಗೆ ನೈವೇದ್ಯಕ್ಕೆ ಉಳಿದದ್ದು ಒಂದು ಬೊಗಸೆ. ಅತ್ತೆ ಮಾತ್ರ ನನಗೆ ‘ಬುಡು ಮಂಗಳ, ಓದಿದೋರು, ನಮಗಿಂತ ಚೆನ್ನಾಗಿ ಬೆಳೆಸ್ತಾರೆ’ ಅಂದರು. ಎಂಬತ್ತು ದಾಟಿದ ಹೆಂಗಸು ಮನುಷ್ಯರ ಮೇಲೆ ಇಟ್ಟ ನಂಬಿಕೆಯನ್ನು ಇಷ್ಟು ಬೇಗ ಹಾಳುಮಾಡಲು ಬೇರೆ ಯಾರಿಂದಲೂ ಆಗುತ್ತಿರಲಿಲ್ಲ.

ಆ ಬೀಜಗಳಿಗೆ ತಾವು ಮಾಡಿದ್ದೇನು? ತಮ್ಮ ಸಿಬ್ಬಂದಿಯೇ ಹೆಮ್ಮೆಯಿಂದ ಹೇಳಿದ್ದಾರೆ. ಕಚೇರಿಯ ಮಾಳಿಗೆಯ ಮೇಲೆ ಟಾರ್ಪಾಲಿನ್ ಹಾಸಿ, ಬೀಜ ತೊಳೆದು, ಹರಡಿ, ಬಿಸಿಲಲ್ಲಿ ಒಣಗಿಸಿದಿರಿ. ಮೋಡವಾದ ದಿನ ಒಳಗೆ ಎತ್ತಿಟ್ಟು, ಬಿಸಿಲು ಬಂದ ದಿನ ಮತ್ತೆ ಹರಡಿದಿರಿ. ಕೈಗೆತ್ತಿಕೊಂಡರೆ ಗರಗರ ಎನ್ನಬೇಕು, ಅಲ್ಲಿಯವರೆಗೆ ಬಿಡಲಿಲ್ಲ. ಆಮೇಲೆ ಹುಳ ಬೀಳದಂತೆ ಪುಡಿ ಬೆರೆಸಿ, ಗೋಣಿಚೀಲಕ್ಕೆ ತುಂಬಿ, ಉಗ್ರಾಣದಲ್ಲಿಟ್ಟು, ಯುಗಾದಿ ಕಳೆದ ಮೇಲೆ ಶಾಸ್ತ್ರೋಕ್ತವಾಗಿ ಬಿತ್ತಿದಿರಿ. ಬಿತ್ತನೆ ಬೀಜ ಒಣಗಿರಬೇಕು ಎಂದು ತಮ್ಮ ಕೈಪಿಡಿಯಲ್ಲಿ ಇದೆಯಂತೆ. ಇರಬಹುದು. ಅದು ರಾಗಿಗೆ ಬರೆದ ಮಾತು ಸ್ವಾಮಿ. ರಾಗಿಯನ್ನು ಒಣಗಿಸಿ ನೆಲದೊಳಗಿನ ಹಗೇವಿಗೆ ಹಾಕಿದರೆ ಒಳಗೆ ನಿದ್ದೆ ಮಾಡಿಕೊಂಡು ಬಿದ್ದಿರುತ್ತದೆ, ನೀರು ತಾಗಿದಾಗ ಏಳುತ್ತದೆ. ಹೊಳೆಯ ನಡುವೆ ಹುಟ್ಟಿದ ಬೀಜಕ್ಕೆ ಆ ನಿದ್ದೆ ಗೊತ್ತಿಲ್ಲ. ಅದು ಹಣ್ಣಿನಿಂದ ಹೊರಬಿದ್ದಾಗಲೇ ಎಚ್ಚರವಾಗಿರುತ್ತದೆ. ಒಣಗಿಸಿದರೆ ಸಾಯುತ್ತದೆ. ಹಲಸಿನ ಬೀಜವನ್ನು ಬಿಸಿಲಲ್ಲಿ ಸುಕ್ಕು ಬೀಳುವ ತನಕ ಒಣಗಿಸಿ ನೆಟ್ಟರೆ ಹುಟ್ಟುತ್ತದೆಯೇ? ಒಂಬತ್ತನೆಯ ತರಗತಿಯಲ್ಲಿ ನಾನು ಈ ಪ್ರಶ್ನೆ ಕೇಳುತ್ತಿದ್ದೆ. ಹಿಂದಿನ ಬೆಂಚಿನವರಿಗೂ ಉತ್ತರ ಬರುತ್ತಿತ್ತು, ಅವರ ಮನೆಯ ಹಿತ್ತಲಲ್ಲಿ ಹಲಸು ಇರುತ್ತಿತ್ತು.

ಒಂದೂ ಮೊಳೆಯಲಿಲ್ಲ. ಮೊಳೆಯದಿದ್ದಾಗ ಯಾರಾದರೂ ತಮ್ಮ ಕೈಯನ್ನು ಒಮ್ಮೆ ನೋಡಿಕೊಳ್ಳುತ್ತಾರೆ. ತಾವು ಬೀಜವನ್ನು ನೋಡಿದಿರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ‘ಸದರಿ ಪ್ರಭೇದಕ್ಕೆ ಅಂಕುರಣ ಸಾಮರ್ಥ್ಯ ಇರುವುದಿಲ್ಲ, ಸೂಕ್ತ ಬದಲಿ ಪ್ರಭೇದಗಳನ್ನು ನೆಡಬಹುದು’ ಎಂದು ವರದಿ ಬರೆದಿರಿ. ಅಂಕುರಣ ಸಾಮರ್ಥ್ಯವೇ ಇಲ್ಲದ ಮರಗಳು ಅಷ್ಟೊಂದು ಎತ್ತರಕ್ಕೆ ಬೆಳೆದು ತಮ್ಮ ತಲೆಯ ಮೇಲೆಯೇ ನಿಂತಿದ್ದವಲ್ಲ, ಅವು ಎಲ್ಲಿಂದ ಬಂದವು ಎಂದು ಒಬ್ಬರಿಗೂ ಅನುಮಾನ ಬರಲಿಲ್ಲವೇ? ಆಕಾಶದಿಂದ ಯಾರಾದರೂ ಇಳಿಬಿಟ್ಟಿದ್ದರೇ? ಸೂಕ್ತ ಬದಲಿ ಎಂದು ತಾವು ತಂದು ನೆಟ್ಟದ್ದು ಹೋಟೆಲುಗಳ ಮುಂದೆ ಸಾಲಾಗಿ ನಿಲ್ಲಿಸುವ ವಿದೇಶಿ ತಾಳೆ. ಅವುಗಳ ನಡುವೆ ‘ಸ್ಥಳೀಯ ಸಸ್ಯ ಸಂರಕ್ಷಣಾ ವಲಯ’ ಎಂದು ಹಸಿರು ಬಣ್ಣದ ಬೋರ್ಡು. ಜನ ಬಂದು ಹತ್ತಿ ಇಳಿಯಲು ಅನುಕೂಲವಾಗಲೆಂದು ದಡದ ಕೇದಗೆಯ ಪೊದೆಗಳನ್ನು ಕಳೆ ಎಂದು ಕಡಿಸಿ, ಮಣ್ಣು ಕೆತ್ತಿ, ಮೆಟ್ಟಿಲು ಮಾಡಿಸಿದಿರಿ. ಆ ಪೊದೆಗಳೇ ದಡವನ್ನು ಹಿಡಿದಿದ್ದವು.

ಕಳೆದ ವರ್ಷದ ಆರಾಧನೆಯ ಹೊತ್ತಿಗೆ ತಮ್ಮ ಆಡಳಿತ ಇನ್ನಷ್ಟು ಚುರುಕಾಗಿತ್ತು. ನಾವು ಹರಿಗೋಲಿನಿಂದ ಇಳಿದಾಗ ಇನ್ನೊಂದು ಬೋರ್ಡು ಎದುರಾಯಿತು: ‘ಹಣ್ಣು ತಿಂದು ಉಗುಳುವುದು ಹಾಗೂ ಮಣ್ಣು ಕೆದಕುವುದು ದಂಡನಾರ್ಹ. ದ್ವೀಪದ ಯಾವುದೇ ಉತ್ಪನ್ನವನ್ನು ಹೊರಗೆ ಸಾಗಿಸುವಂತಿಲ್ಲ.’ ಪಕ್ಕದಲ್ಲಿ ಖಾಕಿ ತೊಟ್ಟ ಕಾವಲುಗಾರ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇದೆ. ಕೊಳ್ಳೆ ಹೊಡೆದವರೇ ಬಾಗಿಲು ಹಾಕಿದ್ದನ್ನು ನಾನು ಅಂದೇ ಕಂಡದ್ದು. ಪೂಜೆ ಮುಗಿದು ಹಣ್ಣು ಬಾಯಿಗೆ ಹಾಕಿಕೊಂಡೆವು. ಕಾವಲುಗಾರ ನಮ್ಮ ಹಿಂದೆಯೇ ಬಂದು ದಿಬ್ಬಕ್ಕೆ ಅಡ್ಡ ನಿಂತ.

‘ಅಲ್ಲಪ್ಪ, ಉಗೀಬಾರ್ದು, ಹೂಳ್ಬಾರ್ದು, ತಗೊಂಡೂ ಹೋಗ್ಬಾರ್ದು. ತಿಂದ ಬೀಜಾನ ಏನ್ಮಾಡೋದು?’ ಎಂದು ನಾನು ಕೇಳಿದೆ.

‘ಅಗೋ, ಅಲ್ಲಿ ಡಬ್ಬ ಐತಲ್ಲಮ್ಮ, ಅದಕ್ಕಾಕಿ,’ ಎಂದು ಕೈ ತೋರಿಸಿದ. ‘ಸಾಯಂಕಾಲ ಎಲ್ಲಾನೂ ಒಟ್ಟಾಕಿ ಸುಟ್ಬುಡ್ತೀವಿ, ಗಲೀಜಾಗಲ್ಲ.’

ಅವನು ತೋರಿಸಿದ್ದು ಮೊಲದ ಆಕಾರದ ಕಸದ ಡಬ್ಬ. ಹೊಟ್ಟೆಯ ಮೇಲೆ ‘ನನ್ನನ್ನು ಉಪಯೋಗಿಸಿ’ ಎಂದು ಬರೆದಿತ್ತು. ಅತ್ತೆ ಆ ಮೊಲವನ್ನು ಒಮ್ಮೆ ನೋಡಿದರು, ದಿಬ್ಬವನ್ನು ಒಮ್ಮೆ ನೋಡಿದರು. ಬೆರಳ ತುದಿಗೆ ತೆಗೆದಿದ್ದ ಬೀಜವನ್ನು ತಿರುಗಿ ಬಾಯಿಗೆ ಹಾಕಿಕೊಂಡು ದವಡೆಗೆ ಒತ್ತರಿಸಿದರು. ನಮ್ಮ ಕಡೆ ತಿರುಗಿ, ‘ಉಗೀಬ್ಯಾಡಿ ಅಂದವ್ರಲ್ಲ, ಉಗೀಬ್ಯಾಡಿ ಕಣ್ರವ್ವ. ಬಾಯಲ್ಲೇ ಇಟ್ಕಳಿ,’ ಅಂದರು. ಅಷ್ಟೇ. ನಮ್ಮ ಮನೆತನದ ಹೆಂಗಸರೆಲ್ಲ ದವಡೆಯಲ್ಲಿ ಎರಡೆರಡು ಮೂರುಮೂರು ಬೀಜ ಇಟ್ಟುಕೊಂಡು, ಸೆರಗು ಹೊದ್ದು, ಸಾಲಾಗಿ ಹರಿಗೋಲಿನ ಕಡೆ ನಡೆದೆವು. ಕಾವಲುಗಾರ ಒಬ್ಬೊಬ್ಬರ ಚೀಲ ಬಿಚ್ಚಿ ನೋಡಿದ, ವಿಭೂತಿಯ ಡಬ್ಬಿಯನ್ನೂ ಬಿಡಲಿಲ್ಲ.

‘ಯಾವ ಊರವರಮ್ಮ ನೀವು?’ ಎಂದು ಕೇಳಿದ. ಯಾರೂ ಬಾಯಿ ಬಿಡಲಿಲ್ಲ. ‘ಏನು, ಎಲ್ರೂ ಮೂಗರಾ?’ ಅಂದ.

ಹರಿಗೋಲಿನ ಪುಟ್ಟಮಾದಯ್ಯ ಹುಟ್ಟು ಹಿಡಿದು ನಿಂತಿದ್ದವನು ಅಲ್ಲಿಂದಲೇ ಹೇಳಿದ: ‘ಆರಾಧನೆ ದಿನ ಅವ್ರು ಮೌನ ಕಣ್ಸಾರ್. ಮಾತಾಡ್ಸಬ್ಯಾಡಿ, ಪಾಪ ಬತ್ತದೆ.’

ತಮ್ಮ ಬೋರ್ಡನ್ನು ನಾವು ಉಲ್ಲಂಘಿಸಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಉಗುಳಲಿಲ್ಲ. ಮಣ್ಣು ಕೆದಕಲಿಲ್ಲ. ಉತ್ಪನ್ನವನ್ನು ಸಾಗಿಸಿದೆವೇ ಎಂದರೆ, ಬಾಯಲ್ಲಿರುವ ತುತ್ತು ಯಾರ ಉತ್ಪನ್ನ ಎಂಬುದನ್ನು ತಮ್ಮ ಕಾನೂನು ವಿಭಾಗ ತೀರ್ಮಾನಿಸಲಿ. ಆಚೆ ದಡದಲ್ಲಿ ಇಳಿದ ಮೇಲೆ ಬೀಜಗಳನ್ನು ಒದ್ದೆ ಸೆರಗಿನ ತುದಿಗೆ ಕಟ್ಟಿಕೊಂಡೆವು. ಅತ್ತೆ ಮಾತ್ರ ಮನೆಯವರೆಗೂ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು ‘ಅಜ್ಜಿ, ಎಲ್ಲಿಗೆ?’ ಅಂದರೆ ನನ್ನ ಕಡೆ ಕೈ ಮಾಡಿದರು. ಅವರ ಕಣ್ಣಲ್ಲಿ ನೀರಿತ್ತು. ಆಗ ನಾನು ಕಾರಣ ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ, ನನ್ನ ಸೆರಗಿನ ಬೀಜ ಜಾರದಂತೆ ಹಿಡಿದುಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು.

ಅದೇ ಸಂಜೆ ಹಾಲಿನ ಕವರುಗಳಿಗೆ ಮರಳು, ಕೆಮ್ಮಣ್ಣು, ಹಳೆ ಸಗಣಿ ಗೊಬ್ಬರ ತುಂಬಿ ಬೀಜ ಒತ್ತಿದೆವು. ನೆರಳಿಗೆ ನನ್ನ ಹಳೆಯ ಸೀರೆಯೊಂದನ್ನು ಬಟ್ಟೆ ಒಣಗಿಸುವ ತಂತಿಗೆ ಕಟ್ಟಿದೆ. ಇಷ್ಟೇ ನಮ್ಮ ತಂತ್ರಜ್ಞಾನ. ಆಷಾಢ ಮುಗಿಯುವುದರೊಳಗೆ ಮೊಳಕೆ ಬಂತು. ಕೆಲವು ಬೀಜಗಳಲ್ಲಿ ಒಂದಲ್ಲ, ಎರಡೆರಡು. ಅಂಕುರಣ ಸಾಮರ್ಥ್ಯವಿಲ್ಲದ ಪ್ರಭೇದ ಇಷ್ಟು ಅವಿಧೇಯವಾಗಿ ವರ್ತಿಸುವುದನ್ನು ಕಂಡು ತಮಗೆ ತಿಳಿಸುವುದು ನಾಗರಿಕಳಾಗಿ ನನ್ನ ಕರ್ತವ್ಯವೆನಿಸಿತು. ತಟ್ಟೆಯಲ್ಲಿ ಒದ್ದೆ ಗೋಣಿ ಹಾಸಿ, ಮೊಳೆತ ಬೀಜಗಳನ್ನಿಟ್ಟುಕೊಂಡು ತಮ್ಮ ಕಚೇರಿಗೆ ಬಂದೆ. ಆ ದಿನ ತಾವು ಹೇಗೋ ಸಿಕ್ಕಿಬಿಟ್ಟಿರಿ. ನೆನಪಿದೆಯೇ? ನನಗೆ ಚೆನ್ನಾಗಿ ನೆನಪಿದೆ. ಪೆನ್ನಿನ ತುದಿಯಿಂದ ಒಂದು ಮೊಳಕೆಯನ್ನು ತಿವಿದು ನೋಡಿದಿರಿ.

‘ಇದು ಆ ಜಾತಿ ಅಲ್ಲ ಮೇಡಂ,’ ಅಂದಿರಿ.

‘ಅದೇ ಮರದ್ದು. ನಾನೇ ತಿಂದ ಹಣ್ಣು.’

‘ಆಗಲಿಕ್ಕಿಲ್ಲ. ಆ ಜಾತಿ ಮೊಳೆಯೋದಿಲ್ಲ ಅಂತ ವರದಿ ಇದೆ.’

‘ವರದಿ ಬರೆದವರು ಯಾರು?’

‘ನಾವೇ.’

ಆಮೇಲೆ, ನನ್ನ ಮುಖ ನೋಡಿ ಏನನ್ನಿಸಿತೋ, ಸಮಾಧಾನದ ದನಿಯಲ್ಲಿ ಹೇಳಿದಿರಿ: ‘ನಮ್ಮ ಕಡೆಯಿಂದ ಏನೂ ಲೋಪ ಆಗಿಲ್ಲ ಮೇಡಂ. ಗರಗರ ಅನ್ನೋ ಹಾಗೆ ಒಣಗಿಸಿದ್ದೀವಿ. ಒಂದು ಹುಳ ಬಿದ್ದಿಲ್ಲ.’

ಹುಳಕ್ಕೂ ಬೇಡವಾದ ಬೀಜವನ್ನು ಭೂಮಿಗೆ ಹಾಕಿ, ಭೂಮಿಯ ಮೇಲೆ ದೂರು ಹೇಳಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಒದ್ದೆಯಾಗೇ ಹಾಕಬೇಕು, ಅದಕ್ಕೇ ನಮ್ಮ ಹಿರಿಯರು ಬಾಯಿಂದ ನೇರ ಮಣ್ಣಿಗೆ ಒತ್ತುತ್ತಿದ್ದರು ಎಂದು ವಿವರಿಸಿದೆ. ‘ಅದೆಲ್ಲ ಮೂಢನಂಬಿಕೆ, ಎಂಜಲು ಬೇರೆ. ನೀವು ಟೀಚರಾಗಿ ಹೀಗೆ ಹೇಳಬಾರದು’ ಎಂದು ನನಗೆ ಬುದ್ಧಿ ಹೇಳಿ ಕಳಿಸಿದಿರಿ. ತಟ್ಟೆ ಎತ್ತಿಕೊಂಡು ಬಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಕ್ಕೆ ಕೋಣನ ಮೇಲೆ ಸಿಟ್ಟಾಗಬಾರದು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಮುಂದಿನ ತಿಂಗಳು ಕನ್ನಂಬಾಡಿ ಕಟ್ಟೆ ತುಂಬಿ ಬಾಗಿಲು ತೆರೆದರು. ಹೊಳೆ ಬಂತು. ಹೊಳೆ ತಿಟ್ಟಿಗೆ ಹೊಸತಲ್ಲ, ತಿಟ್ಟಿನ ಮರಗಳಿಗೂ ಹೊಸತಲ್ಲ. ಹೊಸತು ಎಂದರೆ ತಾವು ಕೆತ್ತಿಸಿದ್ದ ಮೆಟ್ಟಿಲು. ನೀರು ಆ ಮೆಟ್ಟಿಲು ಹತ್ತಿಯೇ ಒಳಗೆ ಬಂದು ದಡವನ್ನು ಕೊರೆಯಿತು. ಹಿಡಿಯಲು ಕೇದಗೆ ಇರಲಿಲ್ಲ. ತಮ್ಮ ತಾಳೆಗಳು ಮೊದಲ ದಿನವೇ ತೇಲಿಹೋದವು. ಕೆಳಗಿನ ಊರಿನವರು ಅವನ್ನು ಹಿಡಿದು ಎಮ್ಮೆ ಕೊಟ್ಟಿಗೆಗೆ ತಡಿಕೆ ಮಾಡಿಕೊಂಡರಂತೆ, ಯೋಜನೆಯಿಂದ ಯಾರಿಗೂ ಪ್ರಯೋಜನವಾಗಿಲ್ಲ ಎನ್ನುವ ಹಾಗಿಲ್ಲ. ಹೊಳೆನೇರಳೆಗಳು ಒಂದೊಂದಾಗಿ ಬೇರು ಮೇಲಾಗಿ ಮಲಗಿದವು. ನೀರಿಳಿದ ಮೇಲೆ ಹೋಗಿ ನೋಡಿದರೆ ಗದ್ದುಗೆಯ ಬೆನ್ನಿಗೆ ಒಂದೇ ಒಂದು ಮರ, ಅದೂ ಮುದಿಮರ. ಈ ವರ್ಷ ಅದು ಹೂ ಬಿಡಲಿಲ್ಲ. ತಮ್ಮ ಹಸಿರು ಬೋರ್ಡು ಮಾತ್ರ ಅಲ್ಲಾಡದೆ ನಿಂತಿದೆ. ಅದನ್ನು ಕಾಂಕ್ರೀಟು ಹಾಕಿ ನಿಲ್ಲಿಸಿದ್ದಿರಿ.

ಎಂದರೆ ಆ ತಿಟ್ಟಿನ ಹೊಳೆನೇರಳೆಯ ಕುಲದಲ್ಲಿ ಈಗ ಉಳಿದಿರುವುದು ಅಲ್ಲಿ ಒಂದು ಮುದಿಮರ, ಇಲ್ಲಿ ನಮ್ಮ ತಾರಸಿಯಲ್ಲಿ ಮೊಣಕಾಲೆತ್ತರ ಬೆಳೆದ ಇಪ್ಪತ್ತು ಚಿಲ್ಲರೆ ಗಿಡ. ಅವುಗಳನ್ನೇ ತಾವು ಒಪ್ಪಿಸು ಎನ್ನುತ್ತಿರುವುದು. ತಮ್ಮ ನರ್ಸರಿಯನ್ನು ಬೇಲಿಯಾಚೆಯಿಂದ ನೋಡಿದ್ದೇನೆ. ಗಿಡಗಳಿಗಿಂತ ಹೆಸರಿನ ಫಲಕಗಳೇ ಹೆಚ್ಚು. ಕೆಲವು ಫಲಕಗಳ ಕೆಳಗೆ ಏನೂ ಇಲ್ಲ, ಕೆಲವುಗಳ ಕೆಳಗೆ ಇರುವುದು ಫಲಕದಲ್ಲಿ ಬರೆದದ್ದಲ್ಲ. ಚೂರೂ ನೆರಳಿಲ್ಲ. ಅಲ್ಲಿಗೆ ನಮ್ಮ ಗಿಡ ಕೊಟ್ಟರೆ ಶಿವರಾತ್ರಿಯ ಹೊತ್ತಿಗೆ ಅವೂ ಗರಗರ ಎನ್ನುತ್ತವೆ. ಆಗ ‘ಸದರಿ ಪ್ರಭೇದಕ್ಕೆ ಬದುಕುವ ಸಾಮರ್ಥ್ಯ ಇರುವುದಿಲ್ಲ’ ಎಂದು ಇನ್ನೊಂದು ವರದಿ ಬರೆಯಬಹುದು. ಹಳೆಯ ವರದಿಯಲ್ಲಿ ಒಂದು ಪದ ಬದಲಾಯಿಸಿದರೆ ಸಾಕು, ಶ್ರಮ ಕಡಿಮೆ.

ಇಷ್ಟಾಗಿಯೂ ನಾನು ಸುಮ್ಮನಿರುತ್ತಿದ್ದೆನೋ ಏನೋ. ನಮ್ಮ ಅತ್ತೆಯ ಕಾರಣಕ್ಕೆ ಸುಮ್ಮನಿರಲಾರೆ. ಬಸ್ಸಿನಲ್ಲಿ ಅವರ ಕಣ್ಣಲ್ಲಿ ನೀರು ಯಾಕೆ ಬಂತು ಎಂಬುದು ಆಮೇಲೆ ತಿಳಿಯಿತು. ಬೀಜ ದಾಟಿಸಬೇಡ ಎಂದು ಇಡೀ ಮನೆಗೆ ಹೇಳಿಕೊಟ್ಟ ಅತ್ತೆಯೇ ಮೊದಲಾಗಿ ದಾಟಿಸಿದ್ದರು. ಆ ದಿನದಿಂದ ಅವರು ಹಣ್ಣು ಮುಟ್ಟಿಲ್ಲ. ರಸಬಾಳೆಯೆಂದರೆ ಜೀವ ಬಿಡುತ್ತಿದ್ದವರು ಈಗ ಪೂಜೆಯ ಹಣ್ಣನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಡುತ್ತಾರೆ. ಡಾಕ್ಟರು ಹಣ್ಣು ತಿನ್ನಿ ಎಂದರೂ ಕೇಳುವುದಿಲ್ಲ. ಊಟ ಇಳಿದುಹೋಗಿದೆ. ಗಿಡಗಳು ವಾಪಸು ತಿಟ್ಟು ಸೇರುವ ತನಕ ಹಣ್ಣು ಬೇಡ, ಇದು ಅವರ ಹಟ. ‘ನಾವೇ ಒಂದು ದಿನ ಕೊಂಡುಹೋಗಿ ನೆಡ್ತೀವಿ ಬಿಡಿ ಅತ್ತೆ’ ಎಂದೆ.

‘ನೀವು ನೆಟ್ರೆ ಅದು ನಿಮ್ದಾಯ್ತದೆ ಕಣಮ್ಮ,’ ಅಂದರು. ‘ದಾಟ್ಸಿದೋಳು ನಾನು. ಹಿಂದಕ್ಕೆ ಕೊಡೋಳೂ ನಾನೇ ಆಗ್ಬೇಕು. ಕೈಕಾಲು ಆಡ್ತಿರೋವಾಗ್ಲೆ ಕರ್ಕೊಂಡೋಗ್ಬುಡು.’

ಅವರ ಕೈಕಾಲು ಇನ್ನೆಷ್ಟು ದಿನ ಆಡುತ್ತದೋ ನನಗೆ ಗೊತ್ತಿಲ್ಲ. ಈಗಲೇ ಮೆಟ್ಟಿಲು ಹತ್ತಲಾರರು. ತಾರಸಿಯ ಗಿಡಗಳನ್ನು ನೋಡಬೇಕೆಂದರೆ ನಾನು ಒಂದೊಂದನ್ನೇ ಕೆಳಗೆ ತಂದು ಮಂಚದ ಪಕ್ಕ ಇಡಬೇಕು. ಎಲೆ ಸವರಿ, ‘ಹುಷಾರಾಗಿ ಮೇಲಕ್ಕೆ ಇಡು’ ಅನ್ನುತ್ತಾರೆ. ಇದನ್ನು ತಮಗೆ ಹೇಳಬಾರದೆಂದಿದ್ದೆ, ಕರುಣೆ ಬೇಡಿದ ಹಾಗಾಗುತ್ತದೆ ಎಂದು. ಬೇಡುತ್ತಿಲ್ಲ. ತಾವು ಒಣಗಿಸಿದ್ದು ಬೀಜಗಳನ್ನು ಮಾತ್ರ ಅಲ್ಲ ಎಂದು ತಿಳಿಸುತ್ತಿದ್ದೇನೆ.

ನನ್ನ ಬೇಡಿಕೆ ಸಣ್ಣದು, ತಮ್ಮಿಂದ ಯಾವ ಕೆಲಸವನ್ನೂ ಕೇಳುವುದಿಲ್ಲ. ಕೆಲಸ ಮಾಡಬೇಡಿ ಎಂದೇ ಕೇಳುತ್ತಿದ್ದೇನೆ. ನೋಟೀಸು ಹಿಂತೆಗೆದುಕೊಳ್ಳಿ. ಉಗುಳಬಾರದು, ಕೆದಕಬಾರದು ಎಂಬ ಬೋರ್ಡನ್ನು ಕೀಳಿಸಿ. ಕಾವಲುಗಾರನನ್ನು ಬೇರೆಲ್ಲಾದರೂ ನಿಲ್ಲಿಸಿ, ತಮ್ಮ ಉಗ್ರಾಣದ ಬಾಗಿಲಿಗೆ ನಿಲ್ಲಿಸಿದರೆ ನಾಡಿಗೆ ಉಪಕಾರ. ಹೊಳೆ ಈಗ ಇಳಿದಿದೆ, ದಿಬ್ಬದ ಮೇಲೆ ಹೊಸ ಮೆಕ್ಕಲು ಇನ್ನೂ ಹಸಿಯಾಗಿದೆ. ಈ ಕಾರ್ತಿಕದಲ್ಲಿ ನೆಟ್ಟರೆ ಮುಂದಿನ ಹೊಳೆ ಬರುವುದರೊಳಗೆ ಬೇರು ಹಿಡಿಯುತ್ತವೆ. ತಡವಾದರೆ ಒಂದು ವರ್ಷ ಹೋಯಿತು. ಗಿಡಗಳು ಕಾಯಬಹುದು, ಅತ್ತೆ ಕಾಯಲಾರರು. ತಾವು ಅನುಮತಿ ಕೊಟ್ಟರೆ ಅನುಮತಿಯಿಂದ, ಕೊಡದಿದ್ದರೆ ಅನುಮತಿ ಇಲ್ಲದೆ, ಕಾರ್ತಿಕದ ಕಡೆಯ ಸೋಮವಾರ ನಾವು ಹೋಗುವವರೇ. ಪುಟ್ಟಮಾದಯ್ಯ ಹರಿಗೋಲಿಗೆ ತೊಗಲು ಬಿಗಿಸುತ್ತಿದ್ದಾನೆ, ಅತ್ತೆಯನ್ನು ಕುರ್ಚಿಯ ಸಮೇತ ಎತ್ತಿ ಕೂರಿಸುತ್ತೇನೆ ಎಂದಿದ್ದಾನೆ.

ತಾವೂ ಬನ್ನಿ. ವ್ಯಂಗ್ಯವಲ್ಲ, ನಿಜವಾಗಿಯೇ ಕರೆಯುತ್ತಿದ್ದೇನೆ. ಹರಿಗೋಲು ಹತ್ತಿದವರಿಗೆಲ್ಲ ಪುಟ್ಟಮಾದಯ್ಯ ಹೇಳುವುದು ಒಂದೇ ಮಾತು: ‘ಕೂತ್ಕಳಿ, ಅಲ್ಲಾಡ್ಬ್ಯಾಡಿ, ಬಾಯ್ಮುಚ್ಕಂಡಿರಿ.’ ಹೊಳೆ ದಾಟುವಷ್ಟು ಹೊತ್ತು ನಮ್ಮ ಮನೆಯ ಹೆಂಗಸರು ಬಾಯಿ ಮುಚ್ಚಿಕೊಂಡಿದ್ದರಿಂದ ಒಂದು ಮರದ ಕುಲ ಉಳಿಯಿತು. ಅಷ್ಟು ಹೊತ್ತು ತಾವೂ ಪ್ರಯತ್ನಿಸಿ ನೋಡಿ.

ಇಂತಿ,
ತಮ್ಮ ವರದಿಯ ಪ್ರಕಾರ ಹುಟ್ಟಿಯೇ ಇಲ್ಲದ ಗಿಡಗಳಿಗೆ ದಿನವೂ ನೀರು ಹಾಕುತ್ತಿರುವ,
ಎಂ. ಸರ್ವಮಂಗಳಾ
ನಿವೃತ್ತ ವಿಜ್ಞಾನ ಶಿಕ್ಷಕಿ, ಚಾಮರಾಜಪುರಂ